ಹಿಂದಿನ ಸೀಟಿನ ಜಯಂತಿ

ನಾನು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಅದರಲ್ಲಿ ಬಹುಪಾಲು ಅಂಕೋಲಾ–ಹುಬ್ಬಳ್ಳಿ ರೂಟು. ಹೆಸರು ಜಟ್ಟಪ್ಪ ನಾಯಕ, ಊರು ರಾಮನಗುಳಿ. ಸುಂಕಸಾಳ ದಾಟಿ ಅರಬೈಲ್ ಘಟ್ಟ ಹತ್ತುವಾಗ ಯಾರು ವಾಂತಿ ಮಾಡುತ್ತಾರೆ ಎಂಬುದನ್ನು ಟಿಕೆಟ್ ಕೊಡುವಾಗಲೇ ಮುಖ ನೋಡಿ ಹೇಳುತ್ತಿದ್ದೆ. ತುಟಿಯ ಬಣ್ಣ ಹೋಗಿರುತ್ತದೆ, ಹಣೆಯಲ್ಲಿ ತಣ್ಣನೆ ಬೆವರು ಇರುತ್ತದೆ, ಸುಮ್ಮಸುಮ್ಮನೆ ಉಗುಳು ನುಂಗುತ್ತಿರುತ್ತಾರೆ. ಅಂಥವರನ್ನು ಎಬ್ಬಿಸಿ ಡ್ರೈವರಿನ ಹಿಂದಿನ ಸೀಟಿಗೆ ತಂದು ಕೂರಿಸುತ್ತಿದ್ದೆ. ಅಲ್ಲಿ ಕುಲುಕಾಟ ಕಡಿಮೆ, ಎದುರಿಗೆ ರಸ್ತೆ ಕಾಣುತ್ತದೆ. ಪೇಪರ್ ಓದುತ್ತಿದ್ದರೆ ಕಿತ್ತುಕೊಂಡು ಮಡಚಿಡುತ್ತಿದ್ದೆ. ಬಾಯಿಗೆ ಒಣಗಿದ ಮುರುಗಲ ಹಣ್ಣಿನ ಹುಳಿ ಸಿಪ್ಪೆ, ಮೂಗಿಗೆ ಲಿಂಬೆ, ದೂರದ ಗುಡ್ಡದ ಮೇಲೆ ಕಣ್ಣು. ಇಷ್ಟು ಮಾಡಿದರೆ ನೂರಕ್ಕೆ ತೊಂಬತ್ತು ಜನ ಯಲ್ಲಾಪುರದಲ್ಲಿ ಇಳಿದು ಚಾ ಕುಡಿಯುತ್ತಿದ್ದರು. ಡಿಪೋದಲ್ಲಿ ನನಗೆ 'ವಾಂತಿ ಡಾಕ್ಟರ್' ಎಂದು ಹೆಸರಿಟ್ಟಿದ್ದರು. ನನಗೇನೂ ಬೇಜಾರಿರಲಿಲ್ಲ, ಒಳಗೊಳಗೆ ಜಂಬವೇ ಇತ್ತು.

ಆದರೆ ಇದು ನನ್ನ ಕಥೆಯಲ್ಲ, ನನ್ನ ಹೆಂಡತಿ ಜಯಂತಿಯದು. ಕಾರವಾರದ ಹತ್ತಿರದ ಅಮದಳ್ಳಿಯಲ್ಲಿ ಹುಟ್ಟಿದವಳು, ಸಮುದ್ರದ ಸದ್ದು ಕೇಳಿಸುವ ಮನೆ. ೧೯೭೯ರಲ್ಲಿ ನನ್ನನ್ನು ಮದುವೆಯಾಗಿ ಗಂಗಾವಳಿ ಹೊಳೆಯ ಬದಿಗೆ ಬಂದಳು. ಮದುವೆಯ ದಿನ ದಿಬ್ಬಣದ ಬಸ್ಸಿನಲ್ಲಿ ಅಂಕೋಲೆ ದಾಟುವ ಮೊದಲೇ ಮೂರು ಸಲ ವಾಂತಿ ಮಾಡಿಕೊಂಡಳು. ಮೈಮೇಲಿನ ಮಲ್ಲಿಗೆ ಹೂವನ್ನೆಲ್ಲ ಕಿತ್ತು ಎಸೆಯಬೇಕಾಯಿತು. ನನ್ನ ಗೆಳೆಯರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಬಸ್ಸಿನವನಿಗೆ ಬಸ್ಸು ಆಗದ ಹೆಂಡತಿ! ಆ ನಗುವನ್ನು ನಾನು ಮರೆಯಲಿಲ್ಲ. ಮರೆತಿದ್ದರೆ ಎಷ್ಟೋ ಚಲೋ ಇತ್ತು.

ಆಮೇಲೆ ಅವಳು ಬಸ್ಸು ಹತ್ತಿದಾಗಲೆಲ್ಲ ನಾನು ಅವಳನ್ನು ಕಟ್ಟಕಡೆಯ ಸೀಟಿನ ಕಿಟಕಿಯ ಪಕ್ಕ ಕೂರಿಸುತ್ತಿದ್ದೆ. ಮುಂದೆ ಕೂತು ಕಿಟಕಿಯಿಂದ ಹೊರಗೆ ವಾಂತಿ ಮಾಡಿದರೆ ಹಿಂದಿನವರ ಮೈಮೇಲೆಲ್ಲ ಹಾರುತ್ತದೆ, 'ಕಂಡಕ್ಟರನ ಹೆಂಡತಿ' ಎಂದು ಬಸ್ಸಿಡೀ ಆಡಿಕೊಳ್ಳುತ್ತದೆ. ಕೊನೆಯ ಸೀಟಿನಲ್ಲಾದರೆ ಏನಾದರೂ ರಸ್ತೆಯ ಪಾಲು. ಹಿಂದಿನ ಸೀಟು ಒಂದೊಂದು ಗುಂಡಿಗೂ ಮೊಳದೆತ್ತರ ಹಾರುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಅಲ್ಲಿ ಕೂತರೆ ಗಟ್ಟಿ ಹೊಟ್ಟೆಯವನಿಗೂ ತಲೆ ತಿರುಗುತ್ತದೆ.

ಅವಳು ಒಂದು ಮಾತೂ ಕೇಳಲಿಲ್ಲ. ಹಿಂದಿನ ದಿನದಿಂದಲೇ ಉಪವಾಸ ಮಾಡುತ್ತಿದ್ದಳು, ಹೊಟ್ಟೆಯಲ್ಲಿ ಇದ್ದರಲ್ಲವೇ ಬರುವುದು ಎಂದು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರೆ ಇಳಿಯುವ ತನಕ ತೆಗೆಯುತ್ತಿರಲಿಲ್ಲ. ಬರಬರುತ್ತ ಹೊರಡುವುದನ್ನೇ ಬಿಟ್ಟಳು. ತಂಗಿಯ ಮಗನ ಮುಂಜಿಗೆ ಹೋಗಲಿಲ್ಲ, ಅಂಕೋಲೆಯ ಬಂಡಿಹಬ್ಬಕ್ಕೂ ಹೋಗಲಿಲ್ಲ. ರಾಮನಗುಳಿಯಲ್ಲಿ ಮನೆ, ಹೊಳೆ, ಅಂಗಡಿ, ಮತ್ತೆ ಮನೆ. ಬಸ್ಸುಗಳು ಮನೆಯ ಎದುರಿಗೇ ಹಾದುಹೋಗುತ್ತಿದ್ದವು. ಅವಳು ಅಂಗಳದಲ್ಲಿ ನಿಂತು ನೋಡುತ್ತಿದ್ದಳು.

೧೯೯೧ರಲ್ಲಿ ಅವಳ ತಾಯಿಗೆ, ಅವಳು ಅವ್ವಿ ಎನ್ನುತ್ತಿದ್ದಳು, ಕಾಯಿಲೆ ಜೋರು ಎಂದು ಅಮದಳ್ಳಿಯಿಂದ ಸುದ್ದಿ ಬಂತು. ಜಯಂತಿ ಇದ್ದ ಸೀರೆಯಲ್ಲೇ ಹೊರಟು ನನ್ನ ಬಸ್ಸು ಹತ್ತಿದಳು. ನಾನು ಹಿಂದಿನ ಸೀಟು ತೋರಿಸಿದೆ. ಅಂಕೋಲೆ ತಲುಪುವಾಗ ಅವಳಿಗೆ ಕಾಲು ಊರಲಿಕ್ಕೂ ಶಕ್ತಿಯಿರಲಿಲ್ಲ. ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿಸಿದರೆ ಕಣ್ಣುಗುಡ್ಡೆ ಮೇಲೆ ಹೋಗಿತ್ತು. ಆಸ್ಪತ್ರೆಗೆ ಸೇರಿಸಿ ಸಲೈನ್ ಹಾಕಿಸಿದೆ. ಮರುದಿನ ಅಮದಳ್ಳಿ ಮುಟ್ಟುವಷ್ಟರಲ್ಲಿ ಹೆಣ ಸುಟ್ಟು ಆಗಿತ್ತು. ಅವಳು ಅಲ್ಲಿ ಯಾರನ್ನೂ ಬೈಯಲಿಲ್ಲ, ತನ್ನ ಹೊಟ್ಟೆಯನ್ನೇ ಬೈದುಕೊಂಡಳು.

ಮಗಳು ನಿಶಾಳ ಗಂಡ ಅಮಿತನಿಗೆ ಬ್ಯಾಂಕಿನಲ್ಲಿ ನೌಕರಿ. ೨೦೦೫ರಲ್ಲಿ ಅವನಿಗೆ ಲಕ್ಷದ್ವೀಪದ ಕವರತ್ತಿಗೆ ವರ್ಗವಾಯಿತು. ಅಲ್ಲಿ ನಿಶಾ ಬಸುರಿಯಾದಳು. ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲೇ ಎಂದು ಜಯಂತಿ ಅಟ್ಟದಿಂದ ತೊಟ್ಟಿಲು ಇಳಿಸಿ ತೊಳೆದಿಟ್ಟಿದ್ದಳು. ಏಳನೇ ತಿಂಗಳಲ್ಲಿ ರಕ್ತ ಕಾಣಿಸಿಕೊಂಡು, ಹಾಸಿಗೆ ಬಿಟ್ಟು ಏಳಬಾರದು, ಪ್ರಯಾಣದ ಮಾತೇ ಬೇಡ ಎಂದು ಅಲ್ಲಿನ ಡಾಕ್ಟರ್ ಹೇಳಿಬಿಟ್ಟರು. ಫೋನಿನಲ್ಲಿ ನಿಶಾ ಅಳುತ್ತಿದ್ದಳು.

"ನಾ ಹೋಗ್ತೆ," ಎಂದಳು ಜಯಂತಿ.

"ಹುಚ್ಚಾ ನಿಂಗೆ? ಕೊಚ್ಚಿಯಿಂದ ಇಡೀ ಒಂದು ರಾತ್ರಿ ಹಡಗು. ಸೀಟಿ ಊದಿದ್ರೆ ನಿಲ್ಲೂದಿಲ್ಲ ಅದು."

"ನಿಲ್ಲೂದು ಬೇಡ. ಸತ್ರೂ ಅಡ್ಡಿಲ್ಲ, ಅವಳ ಹತ್ರ ಹೋಗಿ ಸಾಯ್ತೆ."

ವಿಮಾನದಲ್ಲಿ ಸೀಟು ಸಿಗಲಿಲ್ಲ. ಅಳಿಯ ಪರ್ಮಿಟ್, ಹಡಗಿನ ಟಿಕೆಟ್ ಎಲ್ಲ ಮಾಡಿಸಿದ. ನಾನು ಹತ್ತು ದಿನ ರಜೆ ಹಾಕಿದೆ. ೨೦೦೬ರ ಜನವರಿ. ಅಂಕೋಲೆಯವರೆಗೆ ನಮ್ಮ ಡಿಪೋದ ಬಸ್ಸು, ಅದೇ ಹಿಂದಿನ ಸೀಟು, ಅದೇ ಪಾಡು. ಅಲ್ಲಿಂದ ಮುಂದೆ ರೈಲಿನಲ್ಲಿ ಅವಳಿಗೆ ಏನೂ ಆಗಲಿಲ್ಲ, ಆದರೂ ಹೆದರಿ ಒಂದು ಇಡ್ಲಿಯನ್ನೂ ಮುಟ್ಟಲಿಲ್ಲ.

ಹಡಗಿನಲ್ಲಿ ಅರ್ಧ ಜನ ದ್ವೀಪದವರು, ಇನ್ನರ್ಧ ಮುಂಬೈ ಕಡೆಯ ಪ್ರವಾಸಿಗರು. ಐದು ದಿನದ ವಿಹಾರಕ್ಕೆ ಹೊರಟ ಗುಂಪು. ಅವರು ಹತ್ತುವ ಮೊದಲೇ ಗುಳಿಗೆ ನುಂಗಿ, ಶುಂಠಿ ಪೆಪ್ಪರಮಿಂಟು ಚೀಪುತ್ತ ಮೇಲಿನ ಡೆಕ್ಕಿನಲ್ಲಿ ಕುರ್ಚಿ ಹಿಡಿದಿದ್ದರು. ಟಿಕೆಟ್ ನೋಡುವವನು ನನ್ನನ್ನು ಕೇಳಿದ, ನಡುವಿನಲ್ಲಿ ಒಂದು ಕೋಣೆ ಇದೆ, ಮೂತಿಯ ಕಡೆ ತುದಿಯಲ್ಲಿ ಒಂದಿದೆ, ಯಾವುದು ಬೇಕು ಎಂದು. ನಾನು ತುದಿಯದ್ದು ಸಾಕು ಎಂದೆ. ತುದಿಯಲ್ಲಿ ಓಡಾಟ ಕಡಿಮೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಇಪ್ಪತ್ತೇಳು ವರ್ಷದ ಚಾಳಿ, ಬಾಯಿಗೆ ತಾನಾಗಿ ಬಂತು.

ಬಂದರು ದಾಟಿ ಅರ್ಧ ತಾಸಾಗಿರಲಿಲ್ಲ, ಹಡಗಿನ ಮೂತಿ ಎದ್ದು ಎದ್ದು ಬೀಳತೊಡಗಿತು. ನಮ್ಮ ಕೋಣೆ ನಾಲ್ಕು ಹೆಜ್ಜೆಯ ಗೂಡು. ಅಂಗೈಯಗಲದ ಗಾಜು, ಅದನ್ನೂ ತೆಗೆಯಲು ಬರುವುದಿಲ್ಲ. ಡೀಸೆಲ್ಲು, ಬಣ್ಣ, ಫಿನಾಯಿಲು ಎಲ್ಲ ಸೇರಿದ ಒಂದು ವಾಸನೆ. ಜಯಂತಿ ಬಕೆಟ್ ಹಿಡಿದು ಕೂತಳು. ಖಾಲಿ ಹೊಟ್ಟೆಯಿಂದ ಹಳದಿ ಕಹಿ ನೀರು, ಆಮೇಲೆ ಅದೂ ಇಲ್ಲದೆ ಬರಿಯ ಓಕರಿಕೆ. ನಾನು ಲಿಂಬೆ ಹಿಡಿದೆ, ಮುರುಗಲ ಸಿಪ್ಪೆ ಕೊಟ್ಟೆ, ಗುಳಿಗೆ ನುಂಗಿಸಿದೆ. ಗುಳಿಗೆ ಗಂಟಲಿಳಿಯುವ ಮೊದಲೇ ಹೊರಗೆ ಬಂತು. ಅದನ್ನು ಹೊರಡುವ ಒಂದು ತಾಸು ಮೊದಲೇ ಕೊಡಬೇಕು, ಬೇರೆಯವರಿಗೆ ಹಾಗೆಯೇ ಕೊಡುತ್ತಿದ್ದೆ. ಅವಳಿಗೆ ಕೊಡುವುದು ನೆನಪಾಗಿರಲಿಲ್ಲ.

"ನಿಲ್ಸೂಕೆ ಹೇಳಿ," ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ. "ಒಂದು ಗಳಿಗೆ ನಿಲ್ಸೂಕೆ ಹೇಳಿ."

ನನ್ನ ಜೇಬಿನಲ್ಲಿ ಡ್ಯೂಟಿಯ ಸೀಟಿ ಇತ್ತು. ಅದನ್ನು ಮುಟ್ಟಿ ನೋಡಿಕೊಂಡೆ, ಮೂರ್ಖನ ಹಾಗೆ. ಬಾಗಿಲು ತೆರೆದರೆ ಓಣಿ, ಓಣಿ ಮುಗಿದರೆ ಏಣಿ, ಏಣಿ ಹತ್ತಿದರೆ ನಾಲ್ಕೂ ಕಡೆ ನೀರು. ಇಳಿದು ಹೋಗಲು ಒಂದು ಗೇಣು ನೆಲವಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಓಡಿಹೋಗಿ ಹಡಗಿನ ನರ್ಸನ್ನು ಕರೆತಂದೆ.

ಆಕೆ ಮಲಯಾಳಿ, ಮಂಗಳೂರಿನಲ್ಲಿ ಕಲಿತವಳು, ಕನ್ನಡ ಬರುತ್ತಿತ್ತು. ನಾಡಿ ನೋಡಿದಳು, ಮುಖ ಗಂಟಿಕ್ಕಿದಳು. "ಬೆಳಿಗ್ಗೆ ಕವರತ್ತಿಯಲ್ಲಿ ಹಡಗು ದಡಕ್ಕೆ ಹೋಗುವುದಿಲ್ಲ. ಹೊರಗೆ ನಿಲ್ಲುತ್ತದೆ. ಪಕ್ಕದ ಬಾಗಿಲಿನಿಂದ ಸಣ್ಣ ಬೋಟಿಗೆ ಕಾಲಿಡಬೇಕು, ಬೋಟು ಮೇಲೆ ಕೆಳಗೆ ಆಗ್ತಾ ಇರ್ತದೆ. ಇವರು ಹೀಗೆ ಇದ್ದರೆ ಇಳಿಸಲಿಕ್ಕೆ ಬಿಡುವುದಿಲ್ಲ. ಹಡಗಿನಲ್ಲೇ ವಾಪಸು ಕೊಚ್ಚಿಗೆ."

ಜಯಂತಿ ಕಣ್ಣು ತೆರೆದಳು. "ವಾಪಸು ಇಲ್ಲ," ಎಂದಳು. "ನನ್ನ ಮಗಳು ಅದಾಳೆ ಅಲ್ಲಿ."

ನರ್ಸು ಸೂಜಿ ಚುಚ್ಚಿದಳು. ಏನು ತಿಂದಿದ್ದೀರಿ ಎಂದು ಕೇಳಿದಳು. ಎರಡು ದಿನದಿಂದ ಎಂತದೂ ಇಲ್ಲ ಎಂದದ್ದಕ್ಕೆ ಬೈದಳು, ಖಾಲಿ ಹೊಟ್ಟೆಗೇ ಜಾಸ್ತಿ, ಒಣ ಬಿಸ್ಕಿಟಾದರೂ ಇರಬೇಕು ಎಂದಳು. ಆಮೇಲೆ ಸುತ್ತ ನೋಡಿ, "ಈ ತುದಿಯಲ್ಲಿ ಯಾರು ಹಾಕಿದ್ದು ಇವರನ್ನು? ಇಲ್ಲಿಯೇ ಎಲ್ಲಕ್ಕಿಂತ ಹೆಚ್ಚು ಕುಣಿಯುವುದು. ನಡುವಿಗೆ ಹೋಗಬೇಕು. ಅಮ್ಮ, ಬಸ್ಸಿನಲ್ಲೂ ಹೀಗೆಯಾ?" ಎಂದು ಕೇಳಿದಳು.

"ಹೌದು."

"ಎಲ್ಲಿ ಕೂತ್ಕೊಳ್ತೀರಿ?"

"ಹಿಂದಿನ ಸೀಟಲ್ಲಿ."

"ಅಯ್ಯೋ ದೇವರೇ! ವಾಂತಿಯವರು ಯಾರಾದ್ರೂ ಹಿಂದೆ ಕೂರ್ತಾರಾ? ಮುಂದೆ ಕೂತು ದಾರಿ ನೋಡಬೇಕು. ಇಷ್ಟು ವರ್ಷ ಯಾರೂ ಹೇಳಲಿಲ್ವಾ? ಕಂಡಕ್ಟರ್ ಕೂಡ ಹೇಳಲಿಲ್ವಾ?"

ಜಯಂತಿ ನನ್ನ ಕಡೆ ತಿರುಗಿ ನೋಡಿದಳು ಅಷ್ಟೆ. ಆ ಗೂಡಿನಲ್ಲಿ ನನಗೆ ಮುಖ ತಿರುಗಿಸಲಿಕ್ಕೆ ಒಂದೇ ಗೋಡೆ ಇತ್ತು, ಅದನ್ನೇ ನೋಡುತ್ತ ನಿಂತೆ.

ಇಬ್ಬರು ಖಲಾಸಿಗಳು ಅವಳನ್ನು ನಡುವಿನ ಕೋಣೆಗೆ ಸಾಗಿಸಿದರು. ಹಡಗು ಹತ್ತುವಾಗ ನಾನು ಕೇಳಿದ್ದರೆ ಸಿಗುತ್ತಿದ್ದ ಕೋಣೆ ಅದೇ. ತಲೆ ಅಲ್ಲಾಡದಂತೆ ದಿಂಬುಗಳ ನಡುವೆ ಮಲಗಿಸಿ, ನರ್ಸು ಗಳಿಗೆಗೊಂದು ಚಮಚ ಉಪ್ಪು–ಸಕ್ಕರೆ ನೀರು ಕುಡಿಸಿದಳು. ರಾತ್ರಿ ಎಂಟು ಗಂಟೆಯ ಹೊತ್ತಿಗೆ ಓಕರಿಕೆ ನಿಂತಿತು. ಒಂದು ಬಿಸ್ಕಿಟು ಹೊಟ್ಟೆಯಲ್ಲಿ ಉಳಿಯಿತು. ಅವಳು ನಿದ್ದೆ ಹೋದಳು.

ಬೆಳಕು ಹರಿದ ಮೇಲೆ ನರ್ಸು ಹೇಳಿದಂತೆ ಅವಳನ್ನು ಡೆಕ್ಕಿಗೆ ಕರೆದುಕೊಂಡು ಹೋದೆ. ಆಕಾಶ ನೀರಿಗೆ ಮುಟ್ಟುವ ಗೆರೆಯನ್ನು ನೋಡುತ್ತಿರಬೇಕಂತೆ, ಅದು ಅಲ್ಲಾಡುವುದಿಲ್ಲ. ಜಯಂತಿ ಕಂಬಿ ಹಿಡಿದು ಅದನ್ನೇ ನೋಡಿದಳು. ಅವಳ ತುಟಿಗೆ ಬಣ್ಣ ಬಂದಿತ್ತು. ಸೆರಗು ಬಾಯಿಯ ಮೇಲಿರಲಿಲ್ಲ.

"ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಎಂತದು?"

"ಮುಂದೆ ಕೂತ್ರೆ ವಾಂತಿ ಆಗೂದಿಲ್ಲ ಅಂತ."

"ಲೇಡಿಸ್ ಸೀಟು ಯಾವಾಗ್ಲೂ ಫುಲ್ ಇರ್ತಿತ್ತು..." ಎಂದೆ. ಸುಳ್ಳಿಗೆ ಕಾಲಿರಲಿಲ್ಲ, ಅಲ್ಲಿಗೇ ಕುಸಿಯಿತು.

"ತರಕಾರಿ ಮಾರೂ ಹಿಲ್ಲೂರಿನ ಸುಕ್ರಿಯನ್ನ ಬುಟ್ಟಿ ಸಮೇತ ಎಬ್ಬಿಸ್ಕಂಡು ಹೋಗಿ ಮುಂದೆ ಕೂರ್ಸಿದ್ರಿ. ನಾ ಹಿಂದಿಂದ ನೋಡ್ತೇ ಇದ್ದೆ. ಅವಳು ಘಟ್ಟ ಹತ್ತೂಕೆ ಹೋಗೋಳು, ದೂರದೋಳು, ಅದ್ಕೆ ಅಂದ್ಕಂಡೆ."

ಪ್ರವಾಸಿಗರು ಫೋಟೋ ತೆಗೆದುಕೊಳ್ಳುತ್ತಿದ್ದರು.

"ಅವ್ವಿ ಸತ್ತ ದಿನ್ವೂ ಗೊತ್ತಿತ್ತಾ?"

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಕೇಳಿದ ಪ್ರಶ್ನೆಗಳು ಕಡಿಮೆ. ಈ ಪ್ರಶ್ನೆಯಿಂದ ಎದ್ದು ಹೋಗಲು ಆ ಹಡಗಿನಲ್ಲಿ ಜಾಗವೇ ಇರಲಿಲ್ಲ. ಎಲ್ಲಿಗೆ ಹೋದರೂ ನೂರು ಹೆಜ್ಜೆಗೆ ನೀರು.

"ಗೊತ್ತಿತ್ತು," ಎಂದೆ. "ನಾಚ್ಕೆ ಆಗ್ತಿತ್ತು ನಂಗೆ."

ಅವಳು ಮತ್ತೆ ಆ ಗೆರೆಯ ಕಡೆಗೇ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ದೂರದಲ್ಲಿ ತೆಂಗಿನ ಮರಗಳ ಸಾಲು ಕಂಡಿತು. ಪಕ್ಕದ ಬಾಗಿಲ ಬಳಿ ನಾನು ಕೈ ಚಾಚಿದೆ. ಅವಳು ಖಲಾಸಿಯ ಕೈ ಹಿಡಿದು, ಬೋಟು ಮೇಲೆದ್ದ ಕ್ಷಣ ನೋಡಿ ಕಾಲಿಟ್ಟಳು. ನಾನೇ ಮುಗ್ಗರಿಸಿದೆ.

ನಿಶಾ ಮಲಗಿದ್ದಲ್ಲಿಂದಲೇ ಅವ್ವಿಯನ್ನು ತಬ್ಬಿಕೊಂಡು, "ಹೆಂಗೆ ಬಂದ್ಯೇ ಅವ್ವಿ? ನಿಂಗೆ ವಾಂತಿ ಆಗ್ಲಿಲ್ವಾ?" ಎಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಈಗ ಹೇಳುತ್ತಾಳೆ, ಮಗಳು ಅಳಿಯನ ಎದುರು ನನ್ನ ಮಾನ ಹರಾಜಾಗುತ್ತದೆ ಎಂದುಕೊಂಡೆ. ಹೇಳಲಿ ಎಂದೂ ಅನಿಸಿತು. ಜಯಂತಿ, "ಒಬ್ಬಳು ನರ್ಸು ಚಲೋ ನೋಡ್ಕಂಡಳು," ಎಂದಷ್ಟೇ ಹೇಳಿ ಅಡುಗೆಮನೆ ಎಲ್ಲಿ ಎಂದು ಕೇಳಿದಳು.

ನಾಲ್ಕನೇ ದಿನ ನಾನೊಬ್ಬನೇ ಮರಳಿದೆ. ಮಾರ್ಚಿನಲ್ಲಿ ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಉಳಿದರು. ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮೊದಲು ಕರೆದುಕೊಂಡು ಬರುತ್ತೇನೆ ಎಂದು ಫೋನು ಮಾಡಿದರೆ, "ಬೇಡ, ನಾ ಒಬ್ಬಳೇ ಬತ್ತೆ," ಎಂದಳು. ಒಬ್ಬಳೇ ಬಂದಳು. ಹಡಗು, ರೈಲು, ಅಂಕೋಲೆಯಿಂದ ಹುಬ್ಬಳ್ಳಿ ಬಸ್ಸು.

ಆ ದಿನ ನನಗೆ ವಾರದ ರಜೆ. ರಾಮನಗುಳಿ ಸ್ಟಾಪಿನಲ್ಲಿ ಕಾಯುತ್ತಿದ್ದೆ. ಬಸ್ಸಿನಲ್ಲಿ ಕಂಡಕ್ಟರ್ ಬಾಬು ಇದ್ದ, ನನ್ನ ಕೈಕೆಳಗೆ ಕೆಲಸ ಕಲಿತವನು. ಅವಳು ಇಳಿದು ಚೀಲ ಹಿಡಿದು ಮನೆಯ ದಾರಿ ಹಿಡಿದಳು. ಬಾಬು ಬಾಗಿಲಿನಿಂದ ಬಾಗಿ, "ಜಟ್ಟಪ್ಪಣ್ಣ, ಅತ್ತಿಗೆ ಎಷ್ಟು ಚಂದ ಮಾತಾಡ್ತ್ರು ಮಾರಾಯ್ರೆ! ಅಂಕೋಲೆಯಿಂದ ಇಲ್ಲಿವರೆಗೆ ಮುಂದಿನ ಸೀಟಲ್ಲಿ ಕೂತ್ಕಂಡು ಬಸ್ಸಿಡೀ ನಗ್ಸ್ಕಂಡು ಬಂದ್ರು. ನಾ ಇಷ್ಟು ವರ್ಷ ಅವರಿಗೆ ಮಾತು ಬರೂದಿಲ್ಲ ಅಂತ ತಿಳ್ಕಂಡಿದ್ದೆ," ಎಂದು ಸೀಟಿ ಊದಿದ.

ಬಸ್ಸು ಹೋಯಿತು. ಅವಳು ಏನು ಮಾತಾಡಿದಳು, ಜನ ಯಾವುದಕ್ಕೆ ನಕ್ಕರು ಎಂದು ಅವನನ್ನು ಕೇಳಬೇಕಾಗಿತ್ತು. ಮನೆಗೆ ಬಂದು ಅವಳನ್ನು ಕೇಳಲು ನನಗೆ ಇವತ್ತಿನವರೆಗೂ ಧೈರ್ಯ ಬಂದಿಲ್ಲ.