ಡಾ. ಸಿದ್ದೇಶನಿಗೆ ಇಟ್ಟ ಎಡೆ

ನಮ್ಮ ಎದುರು ಮನೆಯ ಸಿದ್ದೇಶ ಓದಿದಷ್ಟು ಕುಂಬಾರಕೊಪ್ಪಲಿನಲ್ಲಿ ಯಾರೂ ಓದಿಲ್ಲ. ಅವನಪ್ಪ ಮಂಟೇಸ್ವಾಮಿ ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಗುಮಾಸ್ತರಾಗಿ, ಆ ಸಂಬಳದಲ್ಲೇ ಮನೆ ಕಟ್ಟಿಸಿದವರು. ಸಿದ್ದೇಶ ಬಿ.ಎ. ಮುಗಿಸುವಷ್ಟರಲ್ಲಿ ಅದೇ ಗುಮಾಸ್ತಿಕೆಗೆ ಎಂ.ಎ. ಕೇಳುತ್ತಿದ್ದರು. ಎಂ.ಎ. ಮಾಡಿದ, ಅಷ್ಟರಲ್ಲಿ ಊರೆಲ್ಲ ಎಂ.ಎ. ಆಗಿತ್ತು. ಹಾಳಾಗಲಿ ಅಂತ ಪಿಎಚ್.ಡಿ.ಗೂ ಕೂತ. ಹೆಚ್ಚು ಓದಿದಷ್ಟೂ ಸಂಪಾದನೆ ಹೆಚ್ಚುತ್ತದೆ ಎಂಬುದೇ ಅವನ ಪ್ರಬಂಧ. ಬರೆಯುವಾಗ ಅವನ ಸಂಪಾದನೆ ಸೊನ್ನೆ! ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ತಾಯಿ ಪುಟ್ಟಮಾದಮ್ಮನವರಿಗೆ ಮಾತ್ರ ಹಿಗ್ಗೋ ಹಿಗ್ಗು. ಗೇಟಿನ ಪಕ್ಕ ‘ಡಾ. ಸಿದ್ದೇಶ್, ಎಂ.ಎ., ಪಿಎಚ್.ಡಿ.’ ಎಂದು ಕಲ್ಲಿನಲ್ಲಿ ಕೆತ್ತಿಸಿ, ಆಯುಧಪೂಜೆಗೆ ಅದಕ್ಕೂ ಅರಿಶಿನ ಕುಂಕುಮ ಹಚ್ಚುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಮನೆ ನಡೆಯುವುದೇ ಕಷ್ಟವಾಯಿತು. ಆಗ ವಿಜಯನಗರದ ಒಂದು ಕಂಪನಿ ಅಟೆಂಡರ್ ಬೇಕೆಂದು ಕರೆಯಿತು. ಷರತ್ತು ಒಂದೇ: ಹತ್ತನೆಯ ತರಗತಿಗಿಂತ ಹೆಚ್ಚು ಓದಿರಕೂಡದು. ಹೆಚ್ಚು ಓದಿದವರು ಟೀ ತಂದಿಟ್ಟು ವಾದಕ್ಕೆ ನಿಲ್ಲುತ್ತಾರಂತೆ. ಸಿದ್ದೇಶ ಹತ್ತನೆಯದರ ಅಂಕಪಟ್ಟಿಯೊಂದನ್ನೇ ಕೊಟ್ಟು ಬಂದ. ಕೆಲಸ ಸಿಕ್ಕ ಹಾಗೇ ಆಗಿತ್ತು. ಅಷ್ಟರಲ್ಲಿ, ಹೇಳಿದ್ದೆಲ್ಲ ನಿಜವೇ ಎಂದು ಮನೆಗೇ ಬಂದು ನೋಡಲು ಕಂಪನಿಯ ಮ್ಯಾನೇಜರ್ ರುದ್ರಸ್ವಾಮಿ ಹೊರಟಿದ್ದಾರೆ ಎಂದು ಫೋನ್ ಬಂತು.

ಅಯ್ಯೋ, ಗೇಟಿನ ಕಲ್ಲು! ಸಿದ್ದೇಶ ಓಡಿಹೋಗಿ ಅದರ ಮೇಲೆ ಒದ್ದೆ ಟವೆಲ್ ಹಾಕಿದ. ಪುಟ್ಟಮಾದಮ್ಮ ಅದನ್ನು ಕಿತ್ತೆಸೆದರು.

“ನನ್ ಕಿವಿ ವಾಲೆ ಮಾರಿ ಓದ್ಸಿದ್ದು ಕಣೋ. ಮುಚ್ಚಾಕಕ್ಕೆ ಬುಟ್ಟೇನಾ?”

ರುದ್ರಸ್ವಾಮಿ ಬಂದೇಬಿಟ್ಟರು. ಕಲ್ಲು ಓದಿ, ಸಿದ್ದೇಶನನ್ನು ಮೇಲಿಂದ ಕೆಳಗೆ ನೋಡಿದರು.

“ಇದ್ಯಾರಮ್ಮ ಡಾಕ್ಟ್ರು?”

ಪುಟ್ಟಮಾದಮ್ಮ ಮಗನ ಮುಖ ನೋಡಿದರು. ಅವನು ಬೆವೆತುಹೋಗಿದ್ದ.

“ನನ್ ದೊಡ್ಮಗ ಸ್ವಾಮಿ. ಮನೆದೇವ್ರ ಹೆಸ್ರು ಅಂತ ಇಬ್ರಿಗೂ ಒಂದೇ ಇಟ್ಬುಟ್ಟೊ. ಅವನು ಓದಿ ಓದಿ ಸತ್ತೋದ. ಅದ್ಕೇ ಇವನ್ನ ಹತ್ತಕ್ಕೇ ಬುಡಿಸ್ಬುಟ್ಟೆ.”

ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ನಿಜವಾಗಿಯೇ ಅಳು ಬಂತು. ಸಿದ್ದೇಶನೂ ಅತ್ತ. ನಮ್ಮ ಗೇಟಿನಲ್ಲಿ ನಿಂತು ನಾನೂ ಅತ್ತೆ, ನಾಚಿಕೆಗೇಡು! ರುದ್ರಸ್ವಾಮಿ ಶೂ ಬಿಚ್ಚಿ ಕಲ್ಲಿಗೆ ಕೈಮುಗಿದು, “ನಾಳೆಯಿಂದ್ಲೇ ಬಾರಪ್ಪ” ಎಂದರು.

ಈ ಸಲದ ಮಹಾಲಯ ಅಮಾವಾಸ್ಯೆಗೆ ಪುಟ್ಟಮಾದಮ್ಮ ಗಂಡನ ಎಡೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಬಡಿಸಿದರು. ಅದರ ಮುಂದೆ ಘಟಿಕೋತ್ಸವದ ಗೌನು ತೊಟ್ಟ ಸಿದ್ದೇಶನ ಫೋಟೊ, ಅದಕ್ಕೊಂದು ಹಾರ.

“ನಾನು ಬದ್ಕಿದೀನಿ ಕಣವ್ವ,” ಎಂದ ಅಟೆಂಡರ್ ಸಿದ್ದೇಶ.

“ನೀನಿದ್ದೀಯ ಬುಡು. ಓದಿದ್ ಮಗೀಗೆ ಯಾರವ್ರೆ?”

ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಮನೆಯವರು ಹೊರಗೆ ನಿಲ್ಲುವುದು ಅವರ ಪದ್ಧತಿ. ಸಿದ್ದೇಶನಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಅವನು ಬಾಗಿಲಿಗೆ ಕೈಹಾಕಿದ.

“ತಡ್ಕೊ,” ಎಂದು ತಾಯಿ ಅವನ ಕೈ ಹಿಡಿದರು. “ಮೊದ್ಲು ಅವನು ಉಣ್ಲಿ.”