ಕೈ ಕಟ್ಟಿ ಕೂತವರ ಸಂಗೀತ

ಗೆಳೆಯರೇ, ಇವತ್ತು ಶಿರಸಿಯ ನಮ್ಮ ವಿಶೇಷ ಮಕ್ಕಳ ಶಾಲೆಯಲ್ಲಿ ಹೊಸ ಕಂಪ್ಯೂಟರಿನ ಉದ್ಘಾಟನೆ. ಅದರ ಕ್ಯಾಮೆರಾ ಎದುರು ಕೈ ಆಡಿಸಿದರೆ ಸಾಕು, ಸ್ವರ ಹೊರಡುತ್ತದೆ. ಹಾರ್ಮೋನಿಯಂ ಒತ್ತಲಾಗದ ಮಕ್ಕಳಿಗೆಂದೇ ತರಿಸಿದ್ದು. ಜೋಡಿಸಿದವನು ನಾನು.

ಮುಖ್ಯ ಅತಿಥಿಗಳು ಒಳಗೆ ಬಂದದ್ದೇ ತಡ, ಪಾಠ ಹೇಳುವ ಅಕ್ಕೋರು ಅಭ್ಯಾಸಬಲದಿಂದ ಕೂಗಿದರು: “ಎಲ್ಲರೂ ಕೈ ಕಟ್ಟಿ ಕೂತ್ಕಳಿ!” ಮಕ್ಕಳು ಕಟ್ಟಿದರು. ಗಾಲಿಕುರ್ಚಿಯ ಸುಮಾಗೆ ತಾನಾಗಿ ಕಟ್ಟಲು ಬರುವುದಿಲ್ಲ. ಅಕ್ಕೋರೇ ಹೋಗಿ ಕಟ್ಟಿಸಿದರು.

ಅತಿಥಿಗಳು ಸರಿಯಾಗಿ ಕ್ಯಾಮೆರಾ ಎದುರೇ ನಿಂತು ಭಾಷಣ ಶುರು ಮಾಡಿದರು. ಕೈ ಬೀಸಿದಾಗಲೆಲ್ಲ ಕೊಳಲಿನ ದನಿ ಬಂತು. ನಾನು ಬಂದ್ ಮಾಡಲು ಹೋದೆ. “ಇರ್ಲಿ ಬಿಡೋ ತಮಾ, ಚೊಲೋ ಕೇಳ್ತು” ಎಂದವರು ಇನ್ನೂ ಜೋರಾಗಿ ಬೀಸಿದರು. ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರು. ಮಕ್ಕಳು ತಟ್ಟಲಿಲ್ಲ, ಕೈ ಕಟ್ಟಿತ್ತಲ್ಲ.

ಹಾರ, ಶಾಲು, ಚಾ ಎಲ್ಲ ಮುಗಿದು ಕಾರು ಗೇಟು ದಾಟಿತು. ಆಗ ಸುಮಾ ಕೇಳಿದಳು: “ಅಕ್ಕೋರೇ, ಈಗ ಕೈ ಬಿಚ್ಲಕ್ಕಾ?”

ಅಕ್ಕೋರು ಬಿಡಿಸಿದರು. ಅವಳ ಎಡಗೈ ಮೆಲ್ಲಗೆ ಮೇಲೆದ್ದಿತು. ಉದ್ದಕ್ಕೆ ಒಂದೇ ಸ್ವರ ಬಂತು.

ಉದ್ಘಾಟನೆ ಆದದ್ದು ಆಗ. ಫೋಟೋದವ ಮಾತ್ರ ಕಾರಿನ ಹಿಂದೆಯೇ ಹೋಗಿಯಾಗಿತ್ತು.