ಕೆಂಪೋ ಕಪ್ಪೋ: ಪೆರುಂಗುಡಿಯಲ್ಲಿ ಎರಡು ದಿನದ ಪರೀಕ್ಷೆ

ಬಂಗಾರಪೇಟೆಯಿಂದ ಚೆನ್ನೈಗೆ ಹೆಚ್ಚುಕಡಿಮೆ ಇನ್ನೂರ ತೊಂಬತ್ತು ಕಿಲೋಮೀಟರು. ಸೋಮವಾರ ಬೆಳಗಿನ ರೈಲಿಗೆ ನೂರಿಪ್ಪತ್ತು ರೂಪಾಯಿ ಕೊಟ್ಟು ಕಿಟಕಿ ಪಕ್ಕ ಕುಳಿತೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಹೆಂಡತಿ ಪದ್ಮ ಕಟ್ಟಿಕೊಟ್ಟ ಚಿತ್ರಾನ್ನ ಮತ್ತು ಪೆರುಂಗುಡಿಯ ತರಬೇತಿ ಕೇಂದ್ರದಿಂದ ಬಂದ ಕಾಗದ ಇದ್ದವು. ಕುಪ್ಪಂ ದಾಟುವ ಹೊತ್ತಿಗೆ ಆ ಕಾಗದವನ್ನು ನಾಲ್ಕು ಸಲ ಓದಿದ್ದೆ.

ನಾನು ಇಪ್ಪತ್ತೆರಡು ವರ್ಷದಿಂದ ಡೀಸೆಲ್ ಆಟೋ ರಿಪೇರಿ ಮಾಡುವವನು. ಈಚೆಗೆ ನಮ್ಮೂರಿನಲ್ಲಿ ಬ್ಯಾಟರಿ ಆಟೋಗಳ ಕಾಲ ಬಂದಿದೆ. ಅವು ನನ್ನ ಶೆಡ್ಡಿನ ಮುಂದೆ ಸದ್ದಿಲ್ಲದೆ ಹಾದುಹೋಗುತ್ತವೆ, ಒಂದೂ ನಿಲ್ಲುವುದಿಲ್ಲ. ನಿಂತರೂ ನನಗೆ ಅವುಗಳ ಹೊಟ್ಟೆಯೊಳಗಿನ ವಿಷಯ ತಿಳಿಯದು. ಪೆರುಂಗುಡಿಯಲ್ಲಿ ಮೂರು ತಿಂಗಳ ಕೋರ್ಸು ಉಚಿತ, ವಯಸ್ಸಿನ ಮಿತಿಯಿಲ್ಲ, ಹೆಂಗಸರು, ಅಂಗವಿಕಲರು, ನನ್ನಂಥ ಹಳೇ ಮೆಕ್ಯಾನಿಕ್ಕುಗಳು ಯಾರು ಬೇಕಾದರೂ ಬರಬಹುದು ಎಂದು ಕಾಗದ ಹೇಳುತ್ತಿತ್ತು. ಮೊದಲು ಎರಡು ದಿನದ ಪರೀಕ್ಷೆ, ಆಮೇಲೆ ಸೀಟು. ಅದು ಸಿಗದಿದ್ದರೆ ಶೆಡ್ಡಿಗೆ ಬೀಗ ಹಾಕುವುದೊಂದೇ ಉಳಿದಿತ್ತು.

ಇಷ್ಟಕ್ಕೇ ಆಗಿದ್ದರೆ ಹೆದರುತ್ತಿರಲಿಲ್ಲ. ನನ್ನ ಕಣ್ಣಿಗೆ ಕೆಂಪು ಕಾಣುವುದಿಲ್ಲ. ಕಾಣುವುದಿಲ್ಲ ಎಂದರೆ ಕಪ್ಪಾಗಿ ಕಾಣುತ್ತದೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಅಪ್ಪನಂತೆ ರೈಲ್ವೆಗೆ ಸೇರಬೇಕೆಂದು ಲಿಖಿತ ಪರೀಕ್ಷೆ ಪಾಸು ಮಾಡಿ ವೈದ್ಯರ ಮುಂದೆ ಕುಳಿತಿದ್ದೆ. ಚುಕ್ಕಿಗಳ ಪುಸ್ತಕ ತೋರಿಸಿ, 'ಏನಾದ್ರೂ ತೊಂದ್ರೆ ಇದ್ರೆ ಹೇಳಪ್ಪಾ, ಪರವಾಗಿಲ್ಲ' ಎಂದು ಆ ಮನುಷ್ಯ ಎಷ್ಟು ಪ್ರೀತಿಯಿಂದ ಕೇಳಿದರೆಂದರೆ ನಾನು ಹೇಳಿಬಿಟ್ಟೆ. ಹತ್ತು ನಿಮಿಷದಲ್ಲಿ ಹೊರಗಿದ್ದೆ. ಲಿಖಿತದಲ್ಲೇ ಫೇಲಾದೆ ಎಂದು ಅಪ್ಪನಿಗೆ ಸುಳ್ಳು ಹೇಳಿದೆ. ಅಲ್ಲಿಂದೀಚೆಗೆ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಪದ್ಮನಿಗೂ ಗೊತ್ತಿಲ್ಲ, ಟೊಮೆಟೊ ಆರಿಸಲು ಬಾರದ ಗಂಡ ಎಂದಷ್ಟೇ ಅವಳ ದೂರು.

ಸೆಂಟ್ರಲ್ಲಿನಲ್ಲಿ ಇಳಿದಾಗ ಮಧ್ಯಾಹ್ನ. ಸೆಖೆಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಮೈಲಾಪುರದಲ್ಲಿ ಅಪ್ಪನ ಸೋದರಸಂಬಂಧಿ ರಂಗಮ್ಮತ್ತೆ ಇದ್ದಾರೆ, ಅಲ್ಲಿ ಎರಡು ರಾತ್ರಿ ತಂಗುವುದೆಂದಿತ್ತು. ಅತ್ತೆ ಫೋನಿನಲ್ಲಿ ದಾರಿ ಹೇಳಿದ್ದರು: 'ಸೀನಾ, ಸಿವಪ್ಪು ಬಸ್ ಏರಬೇಡ, ಅದು ಡೀಲಕ್ಸು, ದುಡ್ಡು ಜಾಸ್ತಿ. ಪಿಂಕ್ ಮುಖದ್ದು ಹೆಂಗಸರಿಗೆ ಫ್ರೀ. ನೋಡ್ಕೊಂಡು ಹತ್ತು.' ಸಿವಪ್ಪು ಎಂದರೆ ಕೆಂಪು; ನೋಡಿಕೊಂಡು ಹತ್ತುವುದೇ ನನಗೆ ಆಗದ ಕೆಲಸ. ಮೊದಲ ಬಸ್ಸು ಡೀಲಕ್ಸು ಇರಬಹುದೆಂದು ಬಿಟ್ಟೆ. ಎರಡನೆಯದರಲ್ಲಿ ಮುಂದೆಲ್ಲ ಹೆಂಗಸರೇ ಇದ್ದರು, ಅದು ಹೆಂಗಸರ ಬಸ್ಸೆಂದು ಬಿಟ್ಟೆ. ಮೂರನೆಯದನ್ನು ಯಾಕೆ ಬಿಟ್ಟೆನೋ ನನಗೇ ತಿಳಿಯದು. ಮುಕ್ಕಾಲು ಗಂಟೆ ಕಳೆದ ಮೇಲೆ ಒಬ್ಬ ಕಂಡಕ್ಟರನ್ನೇ ಕೇಳಿದೆ, ಗಂಡಸರು ಹತ್ತಬಹುದಾ ಎಂದು. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ಟಿಕೆಟ್ ಎಡುತ್ತಾ ಯಾರು ವೇಣುನ್ನಾಲುಂ ಏರಲಾಂ ಸಾರ್' ಎಂದ. ಟಿಕೆಟ್ ತೆಗೆದುಕೊಂಡರೆ ಯಾರಾದರೂ ಹತ್ತಬಹುದಂತೆ. ಬಂಗಾರಪೇಟೆಯವನಾದ್ದರಿಂದ ತಮಿಳು ಅರ್ಥವಾಗುತ್ತದೆ, ನಾಚಿಕೆಯೂ ಪೂರ್ತಿಯಾಗಿ ಆಯಿತು.

ಅತ್ತೆಯ ಮನೆ ದೇವಸ್ಥಾನದ ಕೊಳದ ಹಿಂದಿನ ಬೀದಿಯ ಹಳೇ ಫ್ಲಾಟು. ಬಾಳೆಕಾಯಿ ಪಲ್ಯ, ಸಾರು, ಮೊಸರು ಬಡಿಸಿ, 'ಈ ವಯಸ್ಸಲ್ಲಿ ಏನೋ ಪಡಿಪ್ಪು ನಿನಗೆ?' ಎಂದು ಕೇಳಿದರು. ಓದುವುದು ಹೊಟ್ಟೆಪಾಡಿಗೆ ಎಂದೆ. 'ಅಷ್ಟೇ ತಾನೆ, ಎಲ್ಲಾ ಸರಿಯಾಗತ್ತೆ, ರಾಯರಿದ್ದಾರೆ' ಎಂದು ಇನ್ನೊಂದು ಸೌಟು ಸಾರು ಹಾಕಿದರು.

ಮಂಗಳವಾರ ಬೆಳಿಗ್ಗೆ ಮೈಲಾಪುರದಿಂದ ಮೇಲುಸೇತುವೆಯ ರೈಲು ಹಿಡಿದು ಅರ್ಧ ಗಂಟೆಯೊಳಗೆ ಪೆರುಂಗುಡಿ ತಲುಪಿದೆ. ಅಲ್ಲಿಂದ ಶೇರ್ ಆಟೋ. ಗಾಜಿನ ಐಟಿ ಕಟ್ಟಡಗಳ ಹಿಂದೆ ತಗಡಿನ ಸೂರಿನ ಉದ್ದನೆಯ ಶೆಡ್ಡು ಅದು. ಬಾಗಿಲಲ್ಲೇ ಫಾರಂ ಕೊಟ್ಟರು. ತಮಿಳು, ಇಂಗ್ಲಿಷ್ ಎರಡರಲ್ಲೂ ಒಂದು ಪ್ರಶ್ನೆ ಇತ್ತು: ಕೆಲಸ ಮಾಡಲು ನಿಮಗೆ ಏನಾದರೂ ತೊಂದರೆ ಇದೆಯೇ? ಬರೆದರೆ ಅನುಕೂಲ ಮಾಡಿಕೊಡುತ್ತೇವೆ. ರೈಲ್ವೆ ವೈದ್ಯರ ದನಿಯೇ ಕಾಗದದ ಮೇಲೆ ಕುಳಿತಂತಿತ್ತು. 'ಇಲ್ಲ' ಎಂದು ಒತ್ತಿ ಬರೆದೆ.

ಇಬ್ಬಿಬ್ಬರನ್ನು ಜೋಡಿ ಮಾಡಿದರು, ಇಬ್ಬರಿಗೂ ಸೇರಿ ಒಂದೇ ಅಂಕ. ನನ್ನ ಜೋಡಿ ಮಾಲತಿ, ಮೂವತ್ತರ ಆಸುಪಾಸಿನ ಹೆಂಗಸು. ವೇಲಚೇರಿಯವಳು, ಅಪ್ಪ ಬ್ಯಾಂಕಿನಲ್ಲಿದ್ದ ಕನ್ನಡದ ಮನೆತನ. ಬಟ್ಟೆ ಕಾರ್ಖಾನೆಯೊಂದರ ಇಸ್ತ್ರಿ ಯಂತ್ರಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋಗಿದ್ದವು. 'ನಾನು ಫಾರಂನಲ್ಲಿ ಬರೆದುಬಿಟ್ಟೆ ಸಾರ್. ನೋಡಿ, ಉಡನೇ ಇದು ಕೊಟ್ಟರು' ಎಂದು ಮೇಜಿಗೆ ಬಿಗಿದಿದ್ದ ಸಣ್ಣ ಹಿಡಿಕಟ್ಟನ್ನು ತೋರಿಸಿದಳು. ವೈರನ್ನು ಅದು ಹಿಡಿದುಕೊಂಡರೆ ಅವಳು ಬಲಗೈಯಲ್ಲಿ ಕೆಲಸ ಮಾಡುತ್ತಿದ್ದಳು. ಪಾಪ, ಇವಳು ಸಿಕ್ಕಿಹಾಕಿಕೊಂಡಳು, ಸೀಟು ಹೋದ ಹಾಗೇ ಎಂದುಕೊಂಡೆ.

ಡೀಸೆಲ್ ಆಟೋದ ವೈರುಗಳು ನನಗೆ ಜಾಗದಿಂದಲೇ ಗೊತ್ತು, ಕಣ್ಣು ಮುಚ್ಚಿ ಜೋಡಿಸುತ್ತೇನೆ. ಇಲ್ಲಿ ಮೇಜಿನ ತುಂಬ ಹೊಸ ವೈರು, ಎಲ್ಲ ಒಂದೇ ದಪ್ಪ. ಅದಕ್ಕೊಂದು ಉಪಾಯ ಮಾಡಿದೆ. ಗುರುವಿನ ಗತ್ತಿನಲ್ಲಿ ಒಂದೊಂದೇ ವೈರು ಎತ್ತಿ, 'ಇದು ಯಾವುದು ಹೇಳಿ ನೋಡೋಣ' ಎಂದು ಮಾಲತಿಯನ್ನು ಕೇಳುವುದು. ಅವಳು 'ಕೆಂಪು ಸಾರ್, ಪಾಸಿಟಿವ್' ಎಂದರೆ, 'ಸರಿ' ಎಂದು ತಲೆಯಾಡಿಸಿ ಕೆಂಪಿನ ತುದಿಗೆ ಉಗುರಿನಲ್ಲಿ ಗುರುತು ಮಾಡುವುದು. ಒಂದೆರಡು ಕಡೆ ಕೇಳಿದ್ದನ್ನೇ ಮತ್ತೆ ಕೇಳಿದೆ. ಅವಳ ಮುಖ ಸಣ್ಣದಾಯಿತು. 'ನಾನು ತಪ್ಪು ಹೇಳ್ತಾ ಇದೀನಾ ಸಾರ್?' ಎಂದಳು. ಇಲ್ಲ ಇಲ್ಲ, ಅಭ್ಯಾಸಕ್ಕೆ ಎಂದೆ. ಸಂಜೆಯೊಳಗೆ ನಮ್ಮ ಮೇಜಿನ ಕೆಲಸ ಎಲ್ಲರಿಗಿಂತ ಮೊದಲು ಮುಗಿದಿತ್ತು, ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಬುಧವಾರ ಹೋಗಿ ನೋಡಿದರೆ ಮೇಜಿನ ಮೇಲೆ ಬೇರೆ ವೈರುಗಳು. ನನ್ನ ಉಗುರಿನ ಗುರುತು ಒಂದೂ ಇಲ್ಲ. ಪ್ರೇಮಾ ಮೇಡಂ ಎಂಬ ಶಿಕ್ಷಕಿ ನಿಯಮ ಹೇಳಿದರು: ನಲವತ್ತು ನಿಮಿಷ, ಜೋಡಿಗಳು ಮಾತಾಡುವಂತಿಲ್ಲ, ಕೊನೆಗೆ ಬ್ಯಾಟರಿಯ ಸ್ವಿಚ್ ಒತ್ತಿದಾಗ ಚಕ್ರ ತಿರುಗಬೇಕು. ಮಾಲತಿ ವೈರಿನ ತುದಿಗೆ ತಾಮ್ರದ ಬಳೆ ಕೂರಿಸಬೇಕು, ನಾನು ಜೋಡಿಸಬೇಕು. ಅವಳು ಹಿಡಿಕಟ್ಟಿನಲ್ಲಿ ವೈರು ಸಿಕ್ಕಿಸಿ, ನಾಲಗೆ ಕಚ್ಚಿಕೊಂಡು, ಒಂದೂ ಹಾಳಾಗದಂತೆ ಕೆಲಸ ಮುಗಿಸಿ ನನ್ನತ್ತ ಸರಿಸಿದಳು.

ಮೋಟಾರು ನಡೆಸುವ ಪೆಟ್ಟಿಗೆಯಿಂದ ಎರಡು ವೈರು ಹೊರಬಂದಿದ್ದವು. ಒಂದು ಕೆಂಪು, ಒಂದು ಕಪ್ಪು ಇರಲೇಬೇಕು. ನನಗೆ ಎರಡೂ ಕಪ್ಪು. ಪೆಟ್ಟಿಗೆಗೆ ಇನ್ನೂ ಕರೆಂಟು ಬಂದಿಲ್ಲವಾದ್ದರಿಂದ ಮೀಟರು ಹಿಡಿದರೂ ಏನೂ ತೋರದು. ಬಾಗಿಲ ಬೆಳಕಿಗೆ ಹಿಡಿದೆ, ಕಣ್ಣು ಕಿರಿದು ಮಾಡಿದೆ, ಮೂಸಿಯೂ ನೋಡಿದೆ. ಉಲ್ಟಾ ಜೋಡಿಸಿದರೆ ಪೆಟ್ಟಿಗೆ ಸುಟ್ಟುಹೋಗುತ್ತದೆ, ಜೊತೆಗೆ ಮಾಲತಿಯ ಸೀಟೂ ಹೋಗುತ್ತದೆ. ಬಾಯಿಬಿಟ್ಟರೆ ನನ್ನದು ಹೋಗುತ್ತದೆ. ಸುಮ್ಮನೆ ಒಂದನ್ನು ಆರಿಸಿದರೆ ಸರಿಯಾಗುವ ಸಾಧ್ಯತೆ ಅರ್ಧಕ್ಕರ್ಧ. ಆ ಹೊತ್ತಿನಲ್ಲಿ ನನಗೆ ಬಲಗೈ ಯಾವುದು ಎಡಗೈ ಯಾವುದು ಎಂಬುದೂ ತಿಳಿಯದಂತಾಗಿತ್ತು. ಮಾಲತಿ ಒಂದು ಅನುಮಾನವೂ ಇಲ್ಲದೆ ನನ್ನ ಕೈಯನ್ನೇ ನೋಡುತ್ತಿದ್ದಳು.

ನಾನು ಕೈ ಎತ್ತಿದೆ. 'ಮೇಡಂ, ಇದರಲ್ಲಿ ಕೆಂಪು ಯಾವುದು ಅಂತ ನನಗೆ ಕಾಣಲ್ಲ. ಹುಟ್ಟಿನಿಂದಲೇ ಕಾಣಲ್ಲ' ಎಂದೆ. ಯಾವ ಭಾಷೆಯಲ್ಲಿ ಹೇಳಿದೆನೋ ನೆನಪಿಲ್ಲ.

ಮೇಡಂ ಬಂದು, 'ಮುದಲ್ಲೇ ಸೊಲ್ಲಿರ್ಕಲಾಮೇ ಸಾರ್' ಎಂದರು. ಮೊದಲೇ ಹೇಳಬಹುದಿತ್ತಲ್ಲ ಎಂದಷ್ಟೇ. ಗೋಡೆಯ ಬಳಿಯ ಡ್ರಾಯರಿನಿಂದ ಒಂದು ಡಬ್ಬಿ ತಂದರು. ಅದರ ತುಂಬ ವೈರಿಗೆ ತೊಡಿಸುವ ಬಿಳಿ ಉಂಗುರಗಳು, ಒಂದೊಂದರ ಮೇಲೂ ಕೂಡು, ಕಳೆ ಚಿಹ್ನೆಗಳು. ಅವನ್ನು ವೈರುಗಳಿಗೆ ತೊಡಿಸಿ, ಹತ್ತು ನಿಮಿಷ ಹೆಚ್ಚು ಕೊಟ್ಟು, ಪಕ್ಕದ ಮೇಜಿಗೆ ಹೋದರು. ಇಡೀ ಡಬ್ಬಿ ಎರಡು ದಿನದಿಂದ ನಾಲ್ಕು ಮಾರು ದೂರದಲ್ಲೇ ಇತ್ತು. ಸಂತೋಷಪಡಬೇಕೋ, ಯಾರ ಮೇಲಾದರೂ ರೇಗಬೇಕೋ ತಿಳಿಯದೆ ಕೈಗೆ ಬಂದ ಸ್ಪಾನರು ಎತ್ತಿಕೊಂಡು ಜೋಡಿಸತೊಡಗಿದೆ. ಸ್ವಿಚ್ ಒತ್ತಿದಾಗ ಚಕ್ರ ತಿರುಗಿತು.

ಮಧ್ಯಾಹ್ನ ಪಟ್ಟಿ ಅಂಟಿಸಿದರು. ಇಬ್ಬರ ಹೆಸರೂ ಇತ್ತು, ಮುಂದಿನ ಸೋಮವಾರದಿಂದ ಕೋರ್ಸು. ಮಾಲತಿ ಮಾತ್ರ ನನ್ನೊಂದಿಗೆ ಮಾತೇ ಆಡಲಿಲ್ಲ. ಪೆರುಂಗುಡಿ ಸ್ಟೇಷನ್ನಿನ ಮೆಟ್ಟಿಲ ಬಳಿ ಕೊನೆಗೂ ನಿಂತು ಕೇಳಿದಳು:

'ಹಾಗಾದ್ರೆ ನೇತ್ತು, ನಿನ್ನೆ, ನೀವು ನನ್ನ ಟೆಸ್ಟ್ ಮಾಡ್ತಾ ಇರ್ಲಿಲ್ಲ, ಅಲ್ವಾ?'

'ಇಲ್ಲಮ್ಮಾ.'

'ನಾನು ಮಕ್ಕು, ದಡ್ಡಿ, ನನಗೆ ಬಣ್ಣ ಕೂಡ ಸರಿಯಾಗಿ ಹೇಳೋಕೆ ಬರಲ್ಲ ಅಂತ ಮನೇಲಿ ಅತ್ತಿದೀನಿ ಸಾರ್. ಸುಮ್ಮಾ ಕೇಳಿದ್ರೆ ಹೇಳ್ತಾ ಇರ್ಲಿಲ್ವಾ ನಾನು?'

ತಪ್ಪಾಯಿತು ಎಂದೆ. ಮುಚ್ಚಿಟ್ಟವನು ನಾನು, ನೊಂದವಳು ಅವಳು; ಇದು ನನ್ನ ಲೆಕ್ಕದಲ್ಲಿ ಎಂದೂ ಬಂದಿರಲಿಲ್ಲ. ಅವಳು ಒಂದು ಮೆಟ್ಟಿಲು ಹತ್ತಿ ತಿರುಗಿ, 'ಮನೇಲಿ ಗೊತ್ತಾ?' ಎಂದಳು. ಇಲ್ಲ ಎಂದೆ. 'ಅಯ್ಯೋ ಕಡವುಳೇ' ಎಂದು ಹಣೆ ಚಚ್ಚಿಕೊಂಡು ವೇಲಚೇರಿ ಕಡೆಯ ಪ್ಲಾಟ್‌ಫಾರಮ್ಮಿಗೆ ಹತ್ತಿಹೋದಳು.

ಮಧ್ಯಾಹ್ನದ ರೈಲಿನಲ್ಲಿ ಜನ ಕಿಕ್ಕಿರಿದಿದ್ದರು. ಕಾಟ್ಪಾಡಿಯವರೆಗೆ ನಿಂತೇ ಬಂದೆ. ಆಮೇಲೆ ಸೀಟು ಸಿಕ್ಕಿತು, ಆದರೆ ಪದ್ಮನಿಗೆ ಹೇಳಬೇಕಾದ ಮೊದಲ ವಾಕ್ಯ ಸಿಗಲಿಲ್ಲ. ಇಷ್ಟು ವರ್ಷ ಯಾರಿಗೆ ಹೆದರಿದ್ದೆ ಎಂದು ಯೋಚಿಸಿದರೆ ಒಂದು ಮುಖವೂ ಕಣ್ಣ ಮುಂದೆ ಬರಲಿಲ್ಲ.

ಎಂಟು ಗಂಟೆಗೆ ಬಂಗಾರಪೇಟೆಯಲ್ಲಿ ಇಳಿದೆ. ಪದ್ಮ ಸ್ಕೂಟರ್ ತಂದು ಸ್ಟೇಷನ್ನಿನ ದೀಪದ ಕೆಳಗೆ ನಿಂತಿದ್ದಳು. 'ಸಿಕ್ತಾ?' ಎಂದಳು.

'ಸಿಕ್ತು. ಇನ್ನೊಂದು ಮಾತಿದೆ.'

'ಏನು, ಮೈಗೇನಾದ್ರೂ ಹುಷಾರಿಲ್ವಾ?'

'ಅದಲ್ಲ. ನನಗೆ ಕೆಂಪು ಬಣ್ಣ ಕಾಣಲ್ಲ ಪದ್ಮಾ. ಚಿಕ್ಕವನಿಂದ.'

ಅವಳು ಸ್ಕೂಟರಿನ ಕೀಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು. ಆಮೇಲೆ ಬೆರಳನ್ನು ತನ್ನ ಹಣೆಯ ಕುಂಕುಮದ ಹತ್ತಿರ ತಂದಳು.

'ಇದು?'

'ಕಪ್ಪಗೆ ಕಾಣತ್ತೆ.'

'ಮದುವೆಯಾದಾಗಿಂದಲೂ?'

'ಹೂಂ.'

ಜನ ನಮ್ಮನ್ನು ದಾಟಿಕೊಂಡು ಆಟೋಗಳತ್ತ ಹೋಗುತ್ತಿದ್ದರು. ಪದ್ಮ ನನ್ನ ಚೀಲ ತೆಗೆದುಕೊಂಡು ಸ್ಕೂಟರಿನ ಮುಂದೆ ಇಟ್ಟಳು.

'ಇರ್ಲಿ ಬಿಡಿ,' ಎಂದಳು. 'ಕಾಣತ್ತಲ್ಲ.'